ಮೌನ ಯಾವಾಗ ಸಾಕ್ಷಿಯಾಗುತ್ತದೆ?

ಕಾರಿನ ಇಂಜಿನ್ನನ್ನೋ ಗೇರ್‌ಬಾಕ್ಸನ್ನೋ ನಡೆಸುವ ಎಲೆಕ್ಟ್ರಾನಿಕ್ ಮಾಡ್ಯೂಲಿಗೆ ಹೊಸ ತಂತ್ರಾಂಶ ಬರೆಯುವಾಗ ಕೆಲಸ ಅರ್ಧಕ್ಕೆ ನಿಂತರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು 'ಇಸಿಎಂ ಹೋಯ್ತು' ಎಂಬುದು. ಲ್ಯಾಪ್‌ಟಾಪಿನ ಪರದೆಯ ಮೇಲೆ ಮುಂದೆ ಸಾಗುತ್ತಿದ್ದ ಪಟ್ಟಿ ನಡುವೆಲ್ಲೋ ನಿಂತಿರುತ್ತದೆ. ಸ್ಕ್ಯಾನರ್ ಹಚ್ಚಿ ಕೇಳಿದರೆ ಮಾಡ್ಯೂಲಿನಿಂದ ಉತ್ತರವಿಲ್ಲ, ಕೀಲಿ ತಿರುಗಿಸಿದರೆ ಇಂಜಿನ್ ಏಳುವುದಿಲ್ಲ. ಉತ್ತರ ಬರಲಿಲ್ಲ, ಆದ್ದರಿಂದ ಉತ್ತರಿಸುವುದೇ ಉಳಿದಿಲ್ಲ ಎಂದು ತೀರ್ಮಾನವಾಗುತ್ತದೆ. ಈ ತೀರ್ಮಾನದ ನಡುವಿನ ಹೆಜ್ಜೆ ನ್ಯಾಯವಾದುದೇ ಎಂಬ ಪ್ರಶ್ನೆಯನ್ನು ನಮ್ಮ ತಾರ್ಕಿಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಅವರ ಮುಂದಿದ್ದದ್ದು ಕಾರಲ್ಲ. ನೆಲದ ಮೇಲಿಲ್ಲದ ಗಡಿಗೆ, ಶವದಲ್ಲಿಲ್ಲದ ಚೇತನ, ಕಣ್ಣಿಗೆ ಕಾಣದ ಈಶ್ವರ. ಆದರೆ ಪ್ರಶ್ನೆ ಒಂದೇ: ಒಂದು ವಸ್ತು ನಮಗೆ ಗೋಚರಿಸದೆ ಇರುವುದು ಅದು ಇಲ್ಲವೆಂಬುದಕ್ಕೆ ಯಾವಾಗ ಪ್ರಮಾಣವಾಗುತ್ತದೆ? ಮೌನಕ್ಕೆ ಸ್ವಂತ ತೂಕವಿಲ್ಲ, ನಾವು ಕೇಳಿದ ದಾರಿ ಎಷ್ಟು ಪರೀಕ್ಷಿತವೋ ಅಷ್ಟೇ ಅದರ ತೂಕ ಎಂಬುದು ಈ ಲೇಖನದ ವಾದ. ಕೆಟ್ಟುನಿಂತ ಮಾಡ್ಯೂಲಿನ ವಿಷಯದಲ್ಲಿ ಇದನ್ನು ಒಪ್ಪುವವರು ಮನುಷ್ಯನ ವಿಷಯದಲ್ಲೂ ದೇವರ ವಿಷಯದಲ್ಲೂ ಒಪ್ಪಬೇಕಾಗುತ್ತದೆ. ಆ ಒಪ್ಪಿಗೆ ಆಸ್ತಿಕನಿಗೂ ನಾಸ್ತಿಕನಿಗೂ ಅಷ್ಟೇನೂ ಸುಖಕರವಲ್ಲ.

ಮೊದಲು ಮಾಡ್ಯೂಲಿನೊಳಗೆ ನಡೆಯುವುದೇನೆಂದು ನೋಡಬೇಕು. ಅದರ ಫ್ಲ್ಯಾಶ್ ಸ್ಮೃತಿಯಲ್ಲಿ ಎರಡು ಬಗೆಯ ತಂತ್ರಾಂಶವಿರುತ್ತದೆ. ಒಂದು, ಇಂಧನ ಚಿಮ್ಮಿಸುವ, ಕಿಡಿ ಹೊತ್ತಿಸುವ, ಹೊಗೆಯನ್ನು ಹದದಲ್ಲಿಡುವ ಮುಖ್ಯ ಕಾರ್ಯಕ್ರಮ. ಇನ್ನೊಂದು ಬೂಟ್‌ಲೋಡರ್ ಎಂಬ ಚಿಕ್ಕ ಕಾರ್ಯಕ್ರಮ; ಸಾಮಾನ್ಯವಾಗಿ ಅದು ಅಳಿಸಲಾಗದಂತೆ ಕಾಪಾಡಿದ ಜಾಗದಲ್ಲಿರುತ್ತದೆ. ವಿದ್ಯುತ್ ಬಂದ ಕೂಡಲೇ ಏಳುವುದು ಈ ಚಿಕ್ಕದು. ಅದು ಮುಖ್ಯ ಕಾರ್ಯಕ್ರಮ ಸರಿಯಾಗಿದೆಯೇ ಎಂದು ನೋಡಿ, ಸರಿಯಿದ್ದರೆ ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಹೊಸದನ್ನು ಬರೆಯುವಾಗ ಉಪಕರಣವು ಪ್ರೋಗ್ರಾಮಿಂಗ್ ಸ್ಥಿತಿಗೆ ಬರುವಂತೆ ಮಾಡ್ಯೂಲನ್ನು ಕೇಳುತ್ತದೆ, ಭದ್ರತೆಯ ಕೀಲಿಯನ್ನು ಒಪ್ಪಿಸುತ್ತದೆ, ಹಳೆಯದನ್ನು ಅಳಿಸುತ್ತದೆ, ಹೊಸದನ್ನು ತುಂಡುತುಂಡಾಗಿ ಕಳಿಸುತ್ತದೆ, ಕೊನೆಗೆ ಎಲ್ಲವೂ ಸರಿಯಾಗಿ ಕುಳಿತಿದೆಯೇ ಎಂದು ತಾಳೆ ನೋಡಿಸುತ್ತದೆ. ಫ್ಲ್ಯಾಶ್ ಸ್ಮೃತಿಯನ್ನು ಅಕ್ಷರ ಅಕ್ಷರವಾಗಿ ತಿದ್ದಲು ಬರುವುದಿಲ್ಲ. ಇಡೀ ವಿಭಾಗವನ್ನೇ ಅಳಿಸಿ ಮತ್ತೆ ಬರೆಯಬೇಕು. ಹಾಗಾಗಿ ಅಳಿಸಿದ್ದಾಗಿ ಬರೆಯುವುದು ಮುಗಿಯದ ಅವಧಿಯಲ್ಲಿ ಮಾಡ್ಯೂಲಿಗೆ ಇಂಜಿನ್ ಎಂದರೇನೆಂದೇ ಗೊತ್ತಿರುವುದಿಲ್ಲ. ಆ ಹೊತ್ತಿನಲ್ಲಿ ಬ್ಯಾಟರಿಯ ವೋಲ್ಟೇಜ್ ಕುಸಿದರೆ, ಲ್ಯಾಪ್‌ಟಾಪ್ ನಿದ್ದೆಗೆ ಜಾರಿದರೆ, ಕೇಬಲ್ ಅಲುಗಿದರೆ ಕೆಲಸ ನಿಲ್ಲುತ್ತದೆ. ನಿಂತಾಗ ಅಳಿದುಹೋಗಿರುವುದು ಮುಖ್ಯ ಕಾರ್ಯಕ್ರಮ ಮಾತ್ರ. ಕೇಳಿಸಿಕೊಳ್ಳುವ ಶಕ್ತಿ ಬಹುಪಾಲು ಹಾಗೆಯೇ ಇರುತ್ತದೆ.

ಕಾಣದಿರುವುದು ಇಲ್ಲವೆಂಬುದಕ್ಕೆ ಯಾವಾಗ ಪ್ರಮಾಣ ಎಂಬ ಸಮಸ್ಯೆಗೆ ಪ್ರಮಾಣಶಾಸ್ತ್ರದಲ್ಲಿ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂದು ಹೆಸರು. ಏಳನೆಯ ಶತಮಾನದ ಕುಮಾರಿಲ ಭಟ್ಟ ಇದನ್ನು ಬೇರೆಯೇ ಪ್ರಮಾಣವೆಂದು ಎಣಿಸಿದ, ಅದ್ವೈತಿಗಳೂ ಹಾಗೆಯೇ ಎಣಿಸಿದರು. ನೈಯಾಯಿಕರು ಅಭಾವವನ್ನೂ ಇಂದ್ರಿಯಗಳೇ ತಿಳಿಸುತ್ತವೆ ಎಂದರು. ಉಡುಪಿಯ ಮಧ್ವಾಚಾರ್ಯರ ಪರಂಪರೆಯು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರರಲ್ಲೇ ಅದನ್ನು ಅಡಗಿಸಿತು. ಈ ಜಗಳ ನಮಗೆ ಇಲ್ಲಿ ಮುಖ್ಯವಲ್ಲ. ಮುಖ್ಯವಾದುದು ಎಲ್ಲರೂ ಒಂದಲ್ಲ ಒಂದು ರೂಪದಲ್ಲಿ ಇಟ್ಟುಕೊಂಡ ನಿಬಂಧನೆ: ಬರಿಯ ಅನುಪಲಬ್ಧಿ ಸಾಲದು, ಅದು ಯೋಗ್ಯಾನುಪಲಬ್ಧಿಯಾಗಿರಬೇಕು. 17ನೆಯ ಶತಮಾನದ ಧರ್ಮರಾಜಾಧ್ವರೀಂದ್ರನ 'ವೇದಾಂತಪರಿಭಾಷಾ' ಇದನ್ನು ಬಿಡಿಸಿ ಹೇಳುತ್ತದೆ. ಆ ವಸ್ತು ಇಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂದು ಹೇಳುವಂತಿದ್ದರೆ ಮಾತ್ರ ಕಾಣದಿರುವುದು ಅದರ ಅಭಾವವನ್ನು ತಿಳಿಸುತ್ತದೆ. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ತಿಳಿಯುವುದು ಬೆಳಕಿಲ್ಲವೆಂಬುದೊಂದೇ.

ಮಾಡ್ಯೂಲ್ ಮಾತಾಡುತ್ತಿಲ್ಲ ಎನ್ನುವ ಮೆಕ್ಯಾನಿಕ್ ಬೆಳಕಿದೆಯೇ ಎಂದು ನೋಡಿದ್ದಾನೆಯೇ? ಈ ಪರೀಕ್ಷೆ ಸುಲಭವಾಗಿದ್ದೂ ಮತ್ತೆ ಮತ್ತೆ ಬಿಟ್ಟುಹೋಗುತ್ತದೆ. ಸ್ಕ್ಯಾನರ್ ಚುಚ್ಚುವ ಸಾಕೆಟ್ಟಿನ 16ನೆಯ ಪಿನ್ನಿನಲ್ಲಿ ಬ್ಯಾಟರಿಯ ವೋಲ್ಟೇಜ್ ಇರಬೇಕು, 4 ಮತ್ತು 5ರಲ್ಲಿ ಅರ್ತ್ ಸರಿಯಿರಬೇಕು. ಮಾಡ್ಯೂಲುಗಳು ಪರಸ್ಪರ ಮಾತಾಡುವ ಕ್ಯಾನ್ ತಂತಿಜೋಡಿ 6 ಮತ್ತು 14ಕ್ಕೆ ಬರುವ ಕಾರುಗಳಲ್ಲಿ ವಿದ್ಯುತ್ ತೆಗೆದು ಅವೆರಡರ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಎರಡು ತುದಿಗಳ ರೋಧಕಗಳಲ್ಲಿ ಒಂದು ಕಡಿದುಹೋಗಿದೆ ಎಂದರ್ಥ. ಅದೇ ಸ್ಕ್ಯಾನರಿಗೆ ಅದೇ ತಂತಿಯ ಮೇಲಿನ ಬೇರೆ ಮಾಡ್ಯೂಲುಗಳು ಉತ್ತರಿಸುತ್ತಿವೆಯೇ? ಅವೂ ಉತ್ತರಿಸದಿದ್ದರೆ ತಪ್ಪು ದಾರಿಯದು, ಇಲ್ಲವೇ ಕೇಳುವ ಉಪಕರಣದ್ದು. ಸತ್ತಿತೆನ್ನುವ ಮಾಡ್ಯೂಲಿನ ಫ್ಯೂಸು, ರಿಲೇ, ಅದರದೇ ಅರ್ತ್ ತಂತಿ ಸರಿಯಿವೆಯೇ? ಬರೆಯುವ ಹೊತ್ತಿನಲ್ಲಿ ಬ್ಯಾಟರಿಗೆ ಜೋಡಿಸಿದ್ದು ಏರಿಳಿತವಿಲ್ಲದ ವಿದ್ಯುತ್ ಕೊಡುವ ಉಪಕರಣವೋ, ಅಥವಾ ಗ್ಯಾರೇಜಿನ ಮೂಲೆಯಲ್ಲಿದ್ದ ಮಾಮೂಲಿ ಚಾರ್ಜರೋ? ಮಾಮೂಲಿ ಚಾರ್ಜರಿನ ಅಲೆಯೇ ಸಂದೇಶಗಳನ್ನು ಕೆಡಿಸಿರಬಹುದು. ಇವುಗಳಲ್ಲಿ ಯಾವುದೊಂದನ್ನೂ ನೋಡದೆ 'ಹೋಯ್ತು' ಎಂದವನು ಮಾಡ್ಯೂಲಿನ ಬಗ್ಗೆ ಏನನ್ನೂ ಹೇಳಿಲ್ಲ.

ಇನ್ನೂ ಸೂಕ್ಷ್ಮವಾದದ್ದೊಂದಿದೆ, ವಾದದ ಜೀವಾಳ ಅಲ್ಲೇ ಇದೆ. ಉತ್ತರ ಬರದಿರುವುದು ಒಂದೇ ಬಗೆಯದಲ್ಲ. ಈ ಸಂಭಾಷಣೆಯ ನಿಯಮಗಳನ್ನು ಹೇಳುವ ಐಎಸ್‌ಒ 14229 ಮಾನದಂಡದಲ್ಲಿ ನಿರಾಕರಣೆಗೂ ಒಂದು ರೂಪವಿದೆ: 7ಎಫ್‌ನಿಂದ ಶುರುವಾಗುವ ಉತ್ತರ, ಅದರ ಕೊನೆಗೆ ಕಾರಣದ ಸಂಖ್ಯೆ. 22 ಎಂದರೆ ಸನ್ನಿವೇಶ ಸರಿಯಿಲ್ಲ, 33 ಎಂದರೆ ಭದ್ರತೆಯ ಬಾಗಿಲು ತೆರೆದಿಲ್ಲ, 35 ಎಂದರೆ ಕೀಲಿ ತಪ್ಪು, 37 ಎಂದರೆ ಮತ್ತೆ ಪ್ರಯತ್ನಿಸುವ ಮುನ್ನ ಕಾಯಬೇಕಾದ ಅವಧಿ ಮುಗಿದಿಲ್ಲ, 72 ಎಂದರೆ ಬರೆಯುವಲ್ಲೇ ತೊಂದರೆ, 93 ಎಂದರೆ ವೋಲ್ಟೇಜ್ ಸಾಲದು. ಅವಸರದ ಕಣ್ಣಿಗೆ ಇವೆಲ್ಲ ಪರದೆಯ ಮೇಲಿನ ಒಂದೇ 'ವಿಫಲ'. ಆದರೆ ಇಲ್ಲವೆಂದು ಹೇಳಬಲ್ಲದ್ದು ಇದೆ, ಕಾರಣ ಸಮೇತ ಇದೆ. ಇವುಗಳ ನಡುವೆ 78 ಎಂಬುದೊಂದು ಬೇರೆಯದು: ಪ್ರಶ್ನೆ ತಲುಪಿದೆ, ಕೆಲಸ ನಡೆಯುತ್ತಿದೆ, ಕಾಯಿರಿ. ಸಾಮಾನ್ಯ ಪ್ರಶ್ನೆಗೆ 50 ಮಿಲಿಸೆಕೆಂಡಿನೊಳಗೆ ಉತ್ತರ ಶುರುವಾಗಬೇಕೆಂಬುದು ಮಾನದಂಡ ಇಟ್ಟಿರುವ ವಾಡಿಕೆಯ ಮಿತಿ. 78 ಬಂದ ಮೇಲೆ ಕಾಯುವ ಮಿತಿ 5000 ಮಿಲಿಸೆಕೆಂಡಿಗೆ ಏರುತ್ತದೆ, ಬೇಕಾದರೆ ಮಾಡ್ಯೂಲ್ ಇನ್ನೊಮ್ಮೆ 78 ಕಳಿಸಿ ಇನ್ನಷ್ಟು ಕಾಲ ಕೇಳಬಹುದು. ಅಂದರೆ ತಡವೆಂಬುದು ಊಹೆಯಲ್ಲ, ಅದೂ ಕೈಗೆ ಬಂದ ಒಂದು ಸಂದೇಶ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ದೇವರ ವಿಚಾರಕ್ಕೆ ಹೋದಾಗ ಇದು ಬೇಕಾಗುತ್ತದೆ.

ನಿಜವಾದ ಮೌನವೂ ಯಾವ ಪ್ರಶ್ನೆಗೆ ಎಂಬುದನ್ನು ಅವಲಂಬಿಸಿದೆ. ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ಸ್ಕ್ಯಾನರ್ ಕೇಳಿದರೆ ಉತ್ತರಿಸಬೇಕಾದದ್ದು ಮುಖ್ಯ ಕಾರ್ಯಕ್ರಮ. ಅದು ಅಳಿದಿರುವಾಗ ಯಾರು ಉತ್ತರಿಸಬೇಕು? ಪ್ರೋಗ್ರಾಮಿಂಗ್ ಸ್ಥಿತಿಗೆ ಬಾ ಎಂದು ಕೇಳಿದರೆ ಅದೇ ಮಾಡ್ಯೂಲ್ ಬೂಟ್‌ಲೋಡರಿನ ಮೂಲಕ ಓಗೊಡುತ್ತದೆ. ಕೆಲವು ವಿನ್ಯಾಸಗಳಲ್ಲಿ ವಿದ್ಯುತ್ ಕೊಟ್ಟ ಮೊದಲ ಕ್ಷಣಗಳಲ್ಲಷ್ಟೇ ಅದು ಕಿವಿ ತೆರೆದಿರುತ್ತದೆ, ಆ ಕಿಂಡಿ ತಪ್ಪಿದರೆ ಮತ್ತೆ ವಿದ್ಯುತ್ ತೆಗೆದು ಕೊಡಬೇಕು. ಬೂಟ್‌ಲೋಡರೇ ಕೆಟ್ಟಿದ್ದರೂ ಹಲವು ಚಿಪ್ಪುಗಳಲ್ಲಿ ತಯಾರಿಸುವಾಗಲೇ ಕೆತ್ತಿಟ್ಟ, ಯಾರೂ ಅಳಿಸಲಾಗದ ಇನ್ನೊಂದು ಪದರವಿರುತ್ತದೆ. ಮಾಡ್ಯೂಲನ್ನು ಕಾರಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು, ನಿರ್ದಿಷ್ಟ ಪಿನ್ನನ್ನು ನಿರ್ದಿಷ್ಟ ಮಟ್ಟದಲ್ಲಿ ಹಿಡಿದು ವಿದ್ಯುತ್ ಕೊಟ್ಟರೆ ಆ ಪದರ ಉತ್ತರಿಸುತ್ತದೆ. ಹೀಗೆ ಇಳಿಯುತ್ತಾ ಹೋದಂತೆ ನಮ್ಮ ಪ್ರಶ್ನೆ ಬಡವಾಗುತ್ತಾ ಹೋಗುತ್ತದೆ: ಇಂಜಿನ್ ಹೇಗಿದೆ ಎನ್ನುವಲ್ಲಿಂದ, ಬರೆಸಿಕೊಳ್ಳುತ್ತೀಯಾ ಎನ್ನುವಲ್ಲಿಗೆ, ಅಲ್ಲಿಂದ ಸುಮ್ಮನೆ ಇದ್ದೀಯಾ ಎನ್ನುವಲ್ಲಿಗೆ. ಮೇಲಿನ ಪ್ರಶ್ನೆಯ ಮೌನದಿಂದ ಕೆಳಗಿನ ಪ್ರಶ್ನೆಯ ಮೌನವನ್ನು ಊಹಿಸುವ ಹಕ್ಕು ನಮಗಿಲ್ಲ.

ಇಷ್ಟೆಲ್ಲ ತರ್ಕ ಗ್ಯಾರೇಜಿಗೆ ಯಾಕೆ, ಗಂಟೆಗಟ್ಟಲೆ ಹುಡುಕುವ ಕೂಲಿಗಿಂತ ಹೊಸ ಮಾಡ್ಯೂಲ್ ಅಗ್ಗವಾದರೆ ಬದಲಾಯಿಸುವುದೇ ಜಾಣತನ ಎಂದು ಒಬ್ಬರು ಆಕ್ಷೇಪಿಸಬಹುದು. ಬದಲಾಯಿಸಲಿ. ಆದರೆ ಬದಲಾಯಿಸುವ ನಿರ್ಧಾರ ಬೇರೆ, ಅದು ಸತ್ತಿತೆಂಬ ಜ್ಞಾನ ಬೇರೆ. ಹಣ ಮೊದಲನೆಯದನ್ನು ಸಮರ್ಥಿಸಬಹುದು, ಎರಡನೆಯದನ್ನು ಸಮರ್ಥಿಸಲಾರದು. ಹೊಸ ಮಾಡ್ಯೂಲಿಗೂ ಬಹುತೇಕ ಅದೇ ತಂತಿಯ ಮೂಲಕ, ಅದೇ ಅರ್ತ್‌ ನಂಬಿ, ಅದೇ ಲ್ಯಾಪ್‌ಟಾಪಿನಿಂದಲೇ ಬರೆಯಬೇಕಾಗುತ್ತದೆ. ಆಗ ಅದೂ ಮೌನವಾದರೆ ಎರಡು 'ಹೆಣ'ಗಳು ಸಿಗುತ್ತವೆ, ಕಾರಣ ಮಾತ್ರ ಸಿಕ್ಕಿರುವುದಿಲ್ಲ. ಈ ಆಕ್ಷೇಪಕ್ಕೆ ಇಷ್ಟು ಸಾಕು.

ಇದಕ್ಕಿಂತ ಬಲವಾದ ಆಕ್ಷೇಪ ಎಂಟನೆಯ ಶತಮಾನದ ಜೈನ ತಾರ್ಕಿಕ ಅಕಲಂಕನದು. 12ನೆಯ ಶತಮಾನದ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಹೊಗಳುವ ಮಹಾವಾದಿ ಈತ. ಕಾಣಬಲ್ಲ ವಸ್ತುವಿನ ಅನುಪಲಬ್ಧಿ ಮಾತ್ರ ಅಭಾವವನ್ನು ಸಾಧಿಸುತ್ತದೆ ಎಂದು ಬೌದ್ಧ ಧರ್ಮಕೀರ್ತಿ ಕಟ್ಟುನಿಟ್ಟಾಗಿ ಹೇಳಿದ್ದ. ಅಕಲಂಕ ಅದಕ್ಕೆ ಕೇಳಿದ: ಇನ್ನೊಬ್ಬರ ಚೇತನ ಎಂದಿಗೂ ನಮ್ಮ ಕಣ್ಣಿಗೆ ಕಾಣುವ ವಸ್ತುವಲ್ಲ, ಹಾಗಿದ್ದರೆ ಮುಂದಿರುವ ಶರೀರದಿಂದ ಅದು ಹೊರಟುಹೋಗಿದೆ ಎಂದು ಯಾರಿಗೂ ನಿಶ್ಚಯವಾಗಬಾರದು, ಸಂಸ್ಕಾರ ಮಾಡುವವರಿಗೆಲ್ಲ ಪಾಪ ಸುತ್ತಿಕೊಳ್ಳಬೇಕು. ಜನ ಹಾಗೆ ಬದುಕುವುದಿಲ್ಲ. ಕಾಣದ ಚೇತನದ ಅಭಾವವನ್ನೂ ಅವರು ತಿಳಿಯುತ್ತಾರೆ, ಶವಕ್ಕೆ ಬೆಂಕಿಯಿಡುತ್ತಾರೆ. ಈ ಪ್ರಶ್ನೆಯಲ್ಲಿ ತರ್ಕದ ಚುರುಕಿನ ಜೊತೆಗೆ ಧರ್ಮಭೀರುವಿನ ಕಳವಳವೂ ಇದೆ. ಅಕಲಂಕನ ಮಾತು ಸರಿ. ಆದರೆ ಅವನು ಕೊಟ್ಟ ಕಾರಣವನ್ನು ಗಮನಿಸಬೇಕು. ಶರೀರದಲ್ಲಾದ ವಿಕಾರವನ್ನು ಬೇರೆ ಯಾವ ರೀತಿಯಲ್ಲೂ ವಿವರಿಸಲಾಗದು, ಆದ್ದರಿಂದ ಚೇತನ ಇಲ್ಲ ಎನ್ನುತ್ತಾನೆ ಅವನು. ಅಂದರೆ ಅವನು ಬರಿಯ ಮೌನವನ್ನು ನಂಬಲಿಲ್ಲ, ಮೌನದ ಪಕ್ಕದಲ್ಲಿ ಕಣ್ಣಿಗೆ ಕಾಣುವ ಇನ್ನೊಂದು ಸಾಕ್ಷಿಯನ್ನು ನಿಲ್ಲಿಸಿದ. ಮೇಜಿನ ಮೇಲಿನ ಮಾಡ್ಯೂಲಿಗೆ ಸರಿಯಾದ ವಿದ್ಯುತ್ ಕೊಟ್ಟಾಗಲೂ ಅದು ಏನನ್ನೂ ಸೆಳೆಯದಿದ್ದರೆ, ಒಳಗಿನ 5 ವೋಲ್ಟ್ ಹುಟ್ಟದಿದ್ದರೆ, ಬೋರ್ಡಿನ ಮೇಲೆ ಸುಟ್ಟ ಗುರುತಿದ್ದರೆ ಆಗ ಹೋಯ್ತೆನ್ನಬಹುದು. ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡದ ಮರಣವನ್ನು ನಾಲ್ವರು ವೈದ್ಯರ ಮಂಡಳಿ ದೃಢೀಕರಿಸಬೇಕೆನ್ನುತ್ತದೆ, ಪರೀಕ್ಷೆಗಳನ್ನು ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಮಾಡಬೇಕಾಗುತ್ತದೆ. ಅದಕ್ಕೂ ಮೊದಲು ಮೈ ತೀರಾ ತಣ್ಣಗಾಗಿಲ್ಲ, ಮತ್ತು ಬರಿಸುವ ಅಥವಾ ಸ್ನಾಯು ಸಡಿಲಿಸುವ ಔಷಧಿಯ ಪ್ರಭಾವ ಇಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಇವೆಲ್ಲ ಉತ್ತರಿಸುವ ದಾರಿಯನ್ನು ಕಟ್ಟಬಲ್ಲ ಸಂಗತಿಗಳು. ದಾರಿ ತೆರೆದಿದೆ ಎಂದು ತಿಳಿದ ಮೇಲಷ್ಟೇ ಮೌನಕ್ಕೆ ಬೆಲೆ.

ಪ್ರಶ್ನೆಯನ್ನು ಬದಲಾಯಿಸಿದರೆ ಮೌನ ಮುರಿಯಬಹುದು ಎಂಬುದಕ್ಕೆ ಮನುಷ್ಯರಲ್ಲೇ ಪುರಾವೆಯಿದೆ. ರಸ್ತೆ ಅಪಘಾತದ ನಂತರ ಯಾವ ಮಾತಿಗೂ ಪ್ರತಿಕ್ರಿಯಿಸದೆ ಮಲಗಿದ್ದ 23 ವರ್ಷದ ಮಹಿಳೆಯೊಬ್ಬರ ಮಿದುಳನ್ನು ನರವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಸ್ಕ್ಯಾನ್ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಟೆನಿಸ್ ಆಡುವಂತೆ ಕಲ್ಪಿಸಿಕೊಳ್ಳಿ ಎಂದಾಗ, ಮನೆಯೊಳಗೆ ಓಡಾಡುವಂತೆ ಕಲ್ಪಿಸಿಕೊಳ್ಳಿ ಎಂದಾಗ ಆರೋಗ್ಯವಂತರಲ್ಲಿ ಎಚ್ಚರಗೊಳ್ಳುವ ಮಿದುಳಿನ ಭಾಗಗಳೇ ಆಕೆಯಲ್ಲೂ ಎಚ್ಚರಗೊಂಡವು. ಕೈಬೆರಳಿನ ದಾರಿ ಮುಚ್ಚಿತ್ತು, ಕೇಳಿಸಿಕೊಳ್ಳುವವಳು ಒಳಗಿದ್ದಳು. 2010ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ 54 ರೋಗಿಗಳ ಪೈಕಿ ಐವರಲ್ಲಿ ಇಂಥ ಪ್ರತಿಕ್ರಿಯೆ ಸಿಕ್ಕಿತು. ಉಳಿದ 49 ಮಂದಿಯ ಬಗ್ಗೆ ಏನು ಹೇಳಬೇಕು? ಅವರೊಳಗೆ ಯಾರೂ ಇಲ್ಲವೆಂದಲ್ಲ. ಆ ಹೊತ್ತಿಗೆ ನಿದ್ದೆಯಲ್ಲಿದ್ದಿರಬಹುದು, ಭಾಷೆ ಅರ್ಥವಾಗದಷ್ಟು ಪೆಟ್ಟಾಗಿರಬಹುದು, ಈ ಯಂತ್ರಕ್ಕೆ ಕಾಣದ ಬಗೆಯಲ್ಲಿ ಉತ್ತರಿಸಿರಬಹುದು. ಕಾರಿನಲ್ಲಿ ಈ ನಿಯಮ ಮುರಿದರೆ ನಷ್ಟ ಹಣದ್ದು, ಇಲ್ಲಿ ಮುರಿದರೆ ಬದುಕಿರುವವರನ್ನು ಇಲ್ಲವೆಂದು ನಡೆಸಿಕೊಂಡಂತೆ.

ಈಗ ದೇವರ ಪ್ರಶ್ನೆ. ಈಶ್ವರ ಇದ್ದಿದ್ದರೆ ಕಾಣುತ್ತಿದ್ದ, ಕಾಣುವುದಿಲ್ಲ, ಆದ್ದರಿಂದ ಇಲ್ಲ ಎಂಬ ವಾದಕ್ಕೆ ಹತ್ತನೆಯ ಶತಮಾನದ ನೈಯಾಯಿಕ ಉದಯನ 'ನ್ಯಾಯಕುಸುಮಾಂಜಲಿ'ಯ ಮೂರನೆಯ ಸ್ತಬಕದಲ್ಲಿ ಉತ್ತರ ಕೊಡುತ್ತಾನೆ. ಈಶ್ವರ ಸ್ವಭಾವತಃ ಇಂದ್ರಿಯಗಳಿಗೆ ಅಯೋಗ್ಯ. ಅಯೋಗ್ಯವಾದುದರ ಅನುಪಲಬ್ಧಿ ಏನನ್ನೂ ಸಾಧಿಸದು. ಹಾಗಿದ್ದರೆ ಮೊಲಕ್ಕೂ ಕಾಣದ ಕೊಂಬಿದೆ ಎನ್ನಬಹುದಲ್ಲ ಎಂಬ ಪ್ರತಿವಾದಕ್ಕೂ ಅವನಲ್ಲಿ ಉತ್ತರವಿದೆ. ನಾವು ಅಲ್ಲಗಳೆಯುವುದು ಕಾಣಬಲ್ಲ ಕೊಂಬನ್ನು. ಕೊಂಬು ಎಂದರೆ ಕಾಣಬಲ್ಲದ್ದೇ. ಎಂದಿಗೂ ಕಾಣಲಾರದ ಕೊಂಬನ್ನು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯಬೇಕಾದ ಕೆಲಸ ಪ್ರತ್ಯಕ್ಷದ್ದಲ್ಲ, ಅದನ್ನು ಒಪ್ಪಿಸಲು ಬೇಕಾದ ಅನುಮಾನವೂ ಹೇಳಿದವನ ಬಳಿ ಇಲ್ಲ. ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಎದುರು ಪಾಳಯವೂ ಈ ನಿಯಮವನ್ನು ಒಪ್ಪಿತ್ತು ಎಂಬುದು. ದೇಶದಿಂದಲೋ ಕಾಲದಿಂದಲೋ ಸ್ವಭಾವದಿಂದಲೋ ದೂರವಾದ ವಸ್ತು ಕಾಣದಿದ್ದರೆ ಹುಟ್ಟುವುದು ಸಂಶಯವಷ್ಟೇ, ಅಭಾವದ ನಿಶ್ಚಯವಲ್ಲ ಎಂದವನು ಧರ್ಮಕೀರ್ತಿ, ಸೃಷ್ಟಿಕರ್ತನನ್ನು ಒಪ್ಪದ ಬೌದ್ಧ. ಅವನು ಈಶ್ವರನನ್ನು ಅಲ್ಲಗಳೆದದ್ದು ಜಗತ್ತನ್ನು ನೋಡಿ ಕರ್ತನನ್ನು ಊಹಿಸುವ ಅನುಮಾನದ ದೋಷ ತೋರಿಸಿ. ಪ್ರಾಮಾಣಿಕ ನಾಸ್ತಿಕ ಹಿಡಿಯಬೇಕಾದ ದಾರಿ ಅದು. ಕಾಣಲಿಲ್ಲ ಎಂಬುದರಿಂದಲೇ ಮುಗಿಸುವವನು ಫ್ಯೂಸ್ ನೋಡದ ಮೆಕ್ಯಾನಿಕ್ಕಿನ ತಪ್ಪನ್ನೇ ಮಾಡುತ್ತಾನೆ.

ಯಂತ್ರ ನಾವೇ ಕಟ್ಟಿದ್ದು, ಅದರ ಕೈಪಿಡಿ ನಮ್ಮಲ್ಲಿದೆ, ದೇವರಿಗೆ ಯಾವ ಕೈಪಿಡಿ ಎಂದು ಇಲ್ಲಿ ಯಾರಾದರೂ ತಡೆಯಬಹುದು. ವ್ಯತ್ಯಾಸ ನಿಜ, ಅದೇ ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ದೇವರು ಮಾಡ್ಯೂಲಿನ ಹಾಗೆ ಎಂದು ಇಲ್ಲಿ ಹೇಳುತ್ತಿಲ್ಲ. ಕೇಳುವ ದಾರಿ ಪೂರ್ತಿ ಗೊತ್ತಿರುವಲ್ಲೂ ಮೌನವನ್ನು ಓದಲು ಇಷ್ಟು ಎಚ್ಚರ ಬೇಕಾದರೆ, ದಾರಿಯೇ ಗೊತ್ತಿಲ್ಲದಲ್ಲಿ ಮೌನ ಏನನ್ನೂ ಹೇಳಲಾರದು.

ಆದರೆ ಆಸ್ತಿಕ ಇಲ್ಲಿಗೆ ಗೆದ್ದೆನೆಂದುಕೊಂಡರೆ ತಪ್ಪಾಗುತ್ತದೆ. ಕೆನಡಾದ ತತ್ತ್ವಜ್ಞಾನಿ ಜೆ. ಎಲ್. ಶೆಲೆನ್‌ಬರ್ಗ್ 1993ರಿಂದ ಮಂಡಿಸುತ್ತಾ ಬಂದ ವಾದ ಉದಯನನ ಕೋಟೆಯನ್ನು ಬಳಸಿ ಹಿಂದಿನಿಂದ ಬರುತ್ತದೆ. ದೇವರು ಪರಿಪೂರ್ಣ ಪ್ರೇಮಮಯಿಯಾದರೆ, ಮನಸ್ಸು ತೆರೆದು ಹುಡುಕುವವನಿಗೆ ತನ್ನ ಇರವನ್ನು ತಿಳಿಸಿಯೇ ತಿಳಿಸುತ್ತಾನೆ. ಹಾಗೆ ಹುಡುಕಿಯೂ ತಿಳಿಯದವರಿದ್ದಾರೆ. ಆದ್ದರಿಂದ ಅಂಥ ದೇವರಿಲ್ಲ. ಇದ್ದಿದ್ದರೆ ತಿಳಿಯುತ್ತಿತ್ತು ಎಂಬ ನಮ್ಮ ಯೋಗ್ಯತೆಯ ನಿಬಂಧನೆಯನ್ನೇ ಈ ವಾದ ಪಾಲಿಸುತ್ತದೆ. ದೇವರನ್ನು ಯೋಗ್ಯನನ್ನಾಗಿಸುವುದು ಇಂದ್ರಿಯವಲ್ಲ, ಅವನ ಪ್ರೇಮ. ಜಗತ್ತಿಗೆ ಕರ್ತನೊಬ್ಬನಿದ್ದಾನೆ ಎಂದಷ್ಟೇ ಹೇಳುವವನಿಗೆ ಇದು ತಗಲುವುದಿಲ್ಲ. ಕರೆದರೆ ಓಗೊಡುವ ದೇವರನ್ನು ನಂಬಿದ ಭಕ್ತನಿಗೆ ನೇರವಾಗಿ ತಗಲುತ್ತದೆ. ವಚನಕಾರರೂ ಹರಿದಾಸರೂ ದೇವರ ಮೌನವನ್ನು ಮುಖಕ್ಕೆ ಮುಖ ಕೊಟ್ಟು ದೂರಿದ್ದಾರೆ. ಓಗೊಡಬೇಕಾದವನು ಸುಮ್ಮನಿದ್ದಾನೆ ಎಂಬ ನೋವಿಲ್ಲದೆ ಆ ದೂರು ಹುಟ್ಟುವುದಿಲ್ಲ. ಅವರು ಆ ನೋವನ್ನು ವಿವರಣೆಯಿಂದ ಮುಚ್ಚಲಿಲ್ಲ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಭಕ್ತನ ಪರವಾಗಿ ಸಾಮಾನ್ಯವಾಗಿ ಬರುವ ಉತ್ತರ ದೇವರು ತಡಮಾಡುತ್ತಾನೆ, ಇಲ್ಲವೆನ್ನುವುದಿಲ್ಲ ಎಂಬುದು. ಇಲ್ಲಿ 78ನ್ನು ನೆನೆಯಬೇಕು. ಕಾಯಿರಿ ಎಂಬ ಸಂದೇಶ ಬಂದಿದ್ದರೆ ಕಾಯುವುದಕ್ಕೆ ಆಧಾರವಿದೆ. ಅಂಥದ್ದೇನೂ ಬಾರದೆ, ಎಷ್ಟು ಕಾಲವೆಂಬ ಮಿತಿಯೂ ಇಲ್ಲದೆ ಕಾಯುವವನು ಕಾಯಬಹುದು, ಅದು ಅವನ ನಿಷ್ಠೆ, ಅದಕ್ಕೆ ಗೌರವ ಸಲ್ಲಬೇಕು. ಆದರೆ ತಡ ಎಂಬುದು ಅವನಿಗೆ ತಿಳಿದ ಸಂಗತಿಯಲ್ಲ. ಮಿತಿಯಿಲ್ಲದ ಕಾಯುವಿಕೆಯನ್ನು ಯಾವ ಮೌನವೂ ಸೋಲಿಸಲಾರದು, ಅದೇ ಕಾರಣಕ್ಕೆ ಯಾವ ಉತ್ತರವೂ ಅದನ್ನು ಗೆಲ್ಲಿಸಲಾರದು. ಮಗುವಿನ ಜ್ವರ ಇಳಿದಾಗ ಹರಕೆ ಫಲಿಸಿತೆಂದು, ಇಳಿಯದಿದ್ದಾಗ ದೇವರ ಇಚ್ಛೆ ನಮಗೆ ತಿಳಿಯದೆಂದು ಹೇಳುವವರು ಮೊದಲ ಸಲ ದೇವರನ್ನು ಯೋಗ್ಯನೆಂದೂ ಎರಡನೆಯ ಸಲ ಅಯೋಗ್ಯನೆಂದೂ ಹಿಡಿದಿದ್ದಾರೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಇದಕ್ಕೆ ಹೋಲಿಸಿದರೆ ನಮ್ಮ ಹಳ್ಳಿಗಳ ಗುಡಿಗಳಲ್ಲಿ ಹೂವಿನ ಪ್ರಸಾದ ಕೇಳುವವರು ಹೆಚ್ಚು ನೇರವಾಗಿ ನಡೆದುಕೊಳ್ಳುತ್ತಾರೆ. ಪ್ರಶ್ನೆ ಯಾವುದು, ಹೂವು ಬಲಕ್ಕೆ ಬಿದ್ದರೆ ಏನು, ಎಡಕ್ಕೆ ಬಿದ್ದರೆ ಏನು ಎಂಬುದನ್ನೆಲ್ಲ ಅವರು ಕೇಳುವ ಮುನ್ನವೇ ನಿಶ್ಚಯಿಸಿರುತ್ತಾರೆ. ಹೂವು ದೇವರ ಮಾತೇ, ಗಾಳಿಯ ಆಟವೇ ಎಂಬುದು ಬೇರೆ ವಿಚಾರ. ಕೇಳುವ ದಾರಿಯನ್ನು ಮೊದಲೇ ಒಪ್ಪಿಕೊಂಡದ್ದರಿಂದ ಎಡಕ್ಕೆ ಬಿದ್ದ ಹೂವನ್ನೂ ಅವರು ಉತ್ತರವೆಂದೇ ಹೊತ್ತು ಮನೆಗೆ ಹೋಗಬೇಕಾಗುತ್ತದೆ, ಎಷ್ಟೋ ಮಂದಿ ನಿಶ್ಚಯವಾಗುವುದರಲ್ಲಿದ್ದ ಮದುವೆಯ ಮಾತನ್ನು ಅದರ ಮೇಲೆಯೇ ಕೈಬಿಡುತ್ತಾರೆ.